ಹಸಿರು ಕಾರು ಕ್ಷೇಮ

ಪಂಪ್‌ಹೌಸ್ ಪಕ್ಕದ ಮನೆ
ಭಾನುವಾರ, ಊಟವಾದ ಮೇಲೆ

ನನ್ನ ಬ್ರೇಕಮ್ಮನಿಗೆ, ನಿನ್ನ ಒಬ್ಬನೇ ಸೋದರಮಾವನೂ ಇಂಜಿನ್ನುಗಳ ನಾಡಿ ಬಲ್ಲವನೂ ಆದ ನಾನು ತಲೆ ಮುಟ್ಟಿ ಮಾಡುವ ಆಶೀರ್ವಾದ.

ಇಲ್ಲಿ ನಾನು, ನಿಮ್ಮತ್ತೆ, ಹಸಿರು ಕಾರು ಮೂವರೂ ಕ್ಷೇಮ. ಅಲ್ಲಿ ನೀನು, ಅಕ್ಕ, ಬಿಳಿ ಕಾರು ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ, ನಿನ್ನ ಕಾಗದದಲ್ಲಿ ಎಲ್ಲ ಬಂದಿದೆ. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಇಲ್ಲಿ ಸ್ವಲ್ಪ ಕೆಲಸ ಬಿತ್ತು. ಏನು ಕೆಲಸ ಎಂದು ಕೇಳಬೇಡ, ಪಂಪ್‌ಹೌಸಿನಲ್ಲಿ ಸಾವಿರ ಇರುತ್ತದೆ. ಫೋನು ಯಾಕೆ ಮಾಡಲಿಲ್ಲ ಎಂದೂ ಕೇಳಬೇಡ. ಫೋನಿನಲ್ಲಿ ಮಾತಾಡಿದರೆ ನಿಮ್ಮತ್ತೆ ಪಕ್ಕದಲ್ಲಿ ನಿಂತು ಪ್ರತಿ ಮಾತನ್ನೂ ತಿದ್ದುತ್ತಾಳೆ. ಕಾಗದದ ಮುಂದೆ ಅವಳ ಆಟ ನಡೆಯುವುದಿಲ್ಲ.

ಬ್ರೇಕಮ್ಮ ಎಂದು ಕರೆದದ್ದಕ್ಕೆ ಸಿಟ್ಟೇ? ದೊಡ್ಡ ಡ್ರೈವಿಂಗ್ ಸ್ಕೂಲಿನ ಯಜಮಾನಿ ಆಗಿದ್ದೀ, ಶಿಷ್ಯೆಯರ ಮುಂದೆ ಮಾನ ಹೋಗುತ್ತದೆ ಎಂದು ನೀನು ಎಷ್ಟು ಸಲ ಹೇಳಿಲ್ಲ! ಆದರೆ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಕಾಲದಲ್ಲಿ, ನಿನ್ನಪ್ಪ ಕಾರು ಓಡಿಸುವಾಗ ಹಿಂದಿನ ಸೀಟಿನಲ್ಲಿ ಕೂತು ಎರಡು ಕಾಲಲ್ಲೂ ನೆಲ ಒತ್ತಿ ಹಿಡಿಯುತ್ತಿದ್ದವಳು ನೀನು. ಈಗ ಪಕ್ಕದ ಸೀಟಿನಲ್ಲಿ ಕೂತು ಅದನ್ನೇ ಮಾಡುತ್ತೀ, ಜನ ಅದಕ್ಕೆ ದುಡ್ಡು ಕೊಡುತ್ತಾರೆ. ಹೆಸರಿಟ್ಟ ನನ್ನ ದೂರದೃಷ್ಟಿಯನ್ನು ಮೆಚ್ಚಬೇಕು.

ವಿಷಯಕ್ಕೆ ಬರುತ್ತೇನೆ. ಬರುವ ಶನಿವಾರ ಕಾರಿನ ಹೊಗೆ ತಪಾಸಣೆ. ಬಿಳಿ ಕಾರು ಕಪ್ಪಗೆ ಹೊಗೆ ಬಿಡುತ್ತದೆ, ಸಿಗ್ನಲಿನಲ್ಲಿ ನಿಂತರೆ ಚಳಿ ಹಿಡಿದವರ ಹಾಗೆ ನಡುಗುತ್ತದೆ, ಬೆಳಗ್ಗೆ ಮೊದಲ ಸಲ ಹೊತ್ತಿಸಿದಾಗ ನೀಲಿ ಹೊಗೆಯೂ ಬರುತ್ತದೆ. ತಪಾಸಣೆಯಲ್ಲಿ ಫೇಲಾದರೆ ಸ್ಕೂಲಿನ ಪರವಾನಗಿ ಹೋಗುತ್ತದೆ. ಬೇರೆ ಕಾರು ತರುವ ಶಕ್ತಿ ನಿನಗಿಲ್ಲ. ಆಮೇಲೆ ಬಿಳಿ ಕಾರನ್ನು ಗುಜರಿಗೆ ಹಾಕಿ, ಬಟ್ಟೆ ಅಂಗಡಿಯ ಬಿಲ್ ಕೌಂಟರಿಗೆ ವಾಪಸ್ ಹೋಗುತ್ತೇನೆ ಎಂದು ಬರೆದಿದ್ದೀ. ಅಷ್ಟು ಬರೆದು, ಕೆಳಗೆ ಒಂದು ಸಾಲನ್ನು ಕಚಪಚ ಹೊಡೆದು ಹಾಕಿದ್ದೀ. ನಾನು ಬಿಡುತ್ತೇನೆಯೇ? ಕಾಗದವನ್ನು ಕಿಟಕಿಗೆ ಒತ್ತಿ ಹಿಡಿದು ಓದಿದೆ. ಅಪ್ಪ ಇದ್ದಿದ್ದರೆ ಎಂದಿತ್ತು.

ಇರಲಿ. ಅಪ್ಪ ಇಲ್ಲದಿದ್ದರೆ ಮಾವ ಇದ್ದಾನೆ. ಅಸಲಿ ಬಿಡಿಭಾಗಕ್ಕೆ ಸಮ ಅಲ್ಲ, ಆದರೂ ಗಾಡಿ ಓಡುತ್ತದೆ.

ಅಂಗಡಿಯವನು ನಾಲ್ಕು ಬಾಟಲಿ ತೋರಿಸಿ, ಹಳೇ ಇಂಜಿನ್ನಿಗೆ ಇವೆಲ್ಲ ಹಾಕಿ ಮೇಡಂ, ಹೊಸದಾಗುತ್ತೆ ಅಂದನಂತೆ. ಯಾವುದನ್ನು ಹಾಕಲಿ ಮಾವ ಎಂದು ನೀನು ನನ್ನನ್ನು ಕೇಳಿದ್ದೀ. ಸರಿಯಾದ ಬಾಗಿಲನ್ನೇ ತಟ್ಟಿದ್ದೀ. ಈ ಬಾಟಲಿಗಳಿಗೆ ಅಂಗಡಿಯವರು ಅಡಿಟಿವ್ ಎನ್ನುತ್ತಾರೆ. ನಾನು ಟಾನಿಕ್ಕು ಎನ್ನುತ್ತೇನೆ. ಪೆಟ್ರೋಲಿಗೆ ಹಾಕುವುದು ಒಂದು ಬಗೆ, ಆಯಿಲಿಗೆ ಹಾಕುವುದು ಇನ್ನೊಂದು ಬಗೆ. ಇವುಗಳನ್ನು ನನ್ನಷ್ಟು ಸುರಿದವರು ಈ ಭೂಮಿಯ ಮೇಲೆ ಇಲ್ಲ.

ನನ್ನ ಓದು ಏಳನೇ ಕ್ಲಾಸು ಎಂದು ನಿನ್ನಮ್ಮ ಆಡಿಕೊಳ್ಳುತ್ತಾಳೆ. ಅವಳಿಗೇನು ಗೊತ್ತು? ನಮ್ಮದು ಒಂದೇ ಕೋಣೆಯ ಶಾಲೆ. ಒಂದೊಂದು ಗೋಡೆಗೆ ಒಂದೊಂದು ಕ್ಲಾಸು ಮುಖ ಮಾಡಿ ಕೂರುತ್ತಿತ್ತು, ನಡುವೆ ಮೇಷ್ಟ್ರು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರು. ಒಂದು ಕಿವಿಯಲ್ಲಿ ನನ್ನ ಕ್ಲಾಸಿನ ಪಾಠ, ಇನ್ನೊಂದು ಕಿವಿಯಲ್ಲಿ ದೊಡ್ಡವರ ಪಾಠ. ಹಾಗೆ ನೋಡಿದರೆ ನನ್ನದು ಹದಿನಾಲ್ಕನೇ ಕ್ಲಾಸು. ಮೇಲೆ ಪಂಪ್‌ಹೌಸಿನ ಅನುಭವ. ಈ ಊರಿನ ಅರ್ಧ ಜನ ಬೆಳಗ್ಗೆ ಮುಖ ತೊಳೆಯುವುದು ನನ್ನ ಕೃಪೆಯಿಂದ. ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ, ಇದು ಎಷ್ಟು ದಿನದ್ದು, ಯಾವ ಪಂಪಿನದು, ಬದಲಾಯಿಸುವಾಗ ಯಾವ ಸೋಮಾರಿ ಡ್ಯೂಟಿಯಲ್ಲಿದ್ದ ಎಂದು ಹೇಳಬಲ್ಲೆ.

ಆದರೆ ಬಾಟಲಿ ಶಾಸ್ತ್ರವನ್ನು ನನಗೆ ಕಲಿಸಿದವನು ಯಾರು ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ನಿನ್ನಪ್ಪ.

ಬಿಳಿ ಕಾರು, ಹಸಿರು ಕಾರು ಎರಡೂ ಅವಳಿ ಜವಳಿ. ನೀನು ಹುಟ್ಟುವುದಕ್ಕೆ ಮೊದಲು, ಒಂದೇ ಅಂಗಡಿಯಲ್ಲಿ, ಒಂದೇ ದಿನ, ನಾನೂ ಬಾವನೂ ಜೊತೆಗೆ ಹೋಗಿ ತಂದದ್ದು. ಕೊಳೆ ಎದ್ದು ಕಾಣಿಸಿದರೆ ತೊಳೆಯುವ ಮನಸ್ಸಾಗುತ್ತೆ ಅಂತ ಬಾವ ಬಿಳಿಯದನ್ನು ಆರಿಸಿದ. ಕಾಣಿಸದಿದ್ದರೆ ತೊಳೆಯೋದೇ ಬೇಡ ಅಂತ ನಾನು ಹಸಿರು ಆರಿಸಿದೆ. ಅವತ್ತೇ ಗುಡ್ಡದ ನೀರಿನ ಟ್ಯಾಂಕಿನವರೆಗೆ ಪಂದ್ಯ ಕಟ್ಟಿದೆವು. ಗೆದ್ದವನು ನಾನು. ದಾರಿಯಲ್ಲಿ ಕುರಿ ಮಂದೆ ದಾಟಲಿ ಎಂದು ಬಾವ ಕಾರು ನಿಲ್ಲಿಸಿಕೊಂಡು ಕಾದ, ಇವನು ಹಾರ್ನ್ ಹೊಡೆದುಕೊಂಡು ನುಗ್ಗಿದ ಎಂದು ನಿನ್ನಮ್ಮ ಇವತ್ತಿಗೂ ಹೇಳುತ್ತಾಳೆ. ಗೆಲುವು ಗೆಲುವೇ. ಕುರಿಗಳು ದೂರು ಕೊಡಲಿಲ್ಲ.

ಬಾವನಿಗೆ ನಾನಿಟ್ಟ ಹೆಸರು ಲೇಬಲ್ ಬಾವ. ಭಾನುವಾರ ಎರಡೂ ಕಾರುಗಳ ಬಾನೆಟ್ ಎತ್ತಿ ನಾವು ಕೂತರೆ ಮುಗಿಯಿತು. ಯಾವುದೇ ಬಾಟಲಿ ತಂದರೂ ಅವನು ಮುಚ್ಚಳ ಬಿಚ್ಚುವ ಮೊದಲು ಕನ್ನಡಕ ಏರಿಸಿ, ಹಿಂದಿನ ಚೀಟಿಯ ಇರುವೆಯಂಥ ಅಕ್ಷರಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿ, ಅರ್ಥ ಹೇಳುತ್ತಿದ್ದ. ಯಾವ ದೇಶದ ಭಾಷೆಯೋ ಏನೋ, ನನ್ನ ತಲೆಗೆ ಅದು ಹತ್ತುತ್ತಿರಲಿಲ್ಲ. ಬೇಗ ಸುರೀರಿ ಬಾವ, ಇದೇನು ಆಸ್ತಿ ಪತ್ರವೇ ಎಂದು ನಾನು ರೇಗುತ್ತಿದ್ದೆ. ಅವನು ಮಾತ್ರ ನಿಧಾನ. ಕೊನೆಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಎಂದು ಓದಿ, ನನ್ನ ಕಡೆ ಒಮ್ಮೆ ನೋಡಿ, ಬಾಟಲಿಯನ್ನು ತನ್ನ ಆಚೆ ಪಕ್ಕಕ್ಕೆ ಸರಿಸುತ್ತಿದ್ದ.

ಈಗ ಓದುವವರಿಲ್ಲ. ನಾನು ಚಿತ್ರ ನೋಡುತ್ತೇನೆ. ಬಾಟಲಿಯ ಮೇಲೆ ಏನಾದರೂ ಒಂದು ಚಿತ್ರ ಇದ್ದೇ ಇರುತ್ತದೆ.

ಸರಿ, ಪಾರ್ಸೆಲ್ ಬಿಚ್ಚು. ಒಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಮೂರು ಬಾಟಲಿಗಳಿವೆ. ಅದರ ಕೆಳಗೆ ಒಂದು ಭಾರದ ಗಂಟಿದೆ, ಅದನ್ನು ಈಗಲೇ ಬಿಚ್ಚಬೇಡ. ಬಿಚ್ಚಿಬಿಟ್ಟೆಯೇ? ಗೊತ್ತಿತ್ತು. ಅದರ ಮಾತು ಆಮೇಲೆ.

ಕೆಂಪು ಮುಚ್ಚಳದ ಬಾಟಲಿ ಪೆಟ್ರೋಲಿಗೆ. ಟ್ಯಾಂಕು ಹೆಚ್ಚುಕಡಿಮೆ ಖಾಲಿಯಾದಾಗ ಇದನ್ನು ಪೂರ್ತಿ ಸುರಿದು, ಆಮೇಲೆ ಟ್ಯಾಂಕು ತುಂಬಿಸು. ಪೆಟ್ರೋಲ್ ಹರಿಯುವ ದಾರಿಯಲ್ಲಿ ಕೂತ ಅಂಟನ್ನೂ ಕಿಟ್ಟವನ್ನೂ ಇದು ಮೆಲ್ಲಗೆ ಕರಗಿಸುತ್ತದೆ. ಒಂದು ಟ್ಯಾಂಕಿಗೆ ಒಂದೇ ಬಾಟಲಿ. ಒಂದರಿಂದ ಇಷ್ಟು ಗುಣವಾದರೆ ಎರಡರಿಂದ ಎಷ್ಟಾಗಬಹುದು ಎಂದು ಯೋಚಿಸುವವರು ನಮ್ಮ ವಂಶದಲ್ಲಿ ಒಬ್ಬರಿದ್ದಾರೆ, ನೀನು ಎರಡನೆಯವಳಾಗಬೇಡ. ಅತಿಯಾದರೆ ಅಮೃತವೂ ವಿಷ. ಕರಗಿದ ಕೊಳೆ ಎಲ್ಲಾದರೂ ಹೋಗಿ ಕೂರಲೇಬೇಕಲ್ಲ, ಆದ್ದರಿಂದ ಆ ಟ್ಯಾಂಕು ಖಾಲಿಯಾಗುತ್ತಲೇ ಪೆಟ್ರೋಲ್ ಫಿಲ್ಟರನ್ನು ಬದಲಾಯಿಸು. ದಿನವಿಡೀ ನಿನ್ನ ಶಿಷ್ಯೆಯರು ಬೀದಿ ಅಳೆಯುತ್ತಾರೆ, ಶನಿವಾರದೊಳಗೆ ಒಂದು ಟ್ಯಾಂಕು ಮುಗಿಯುವುದು ಕಷ್ಟವಲ್ಲ. ದೀಪದ ಕಂಬಕ್ಕೆ ಗುದ್ದಿ, ಇಳಿದು ಹೋಗಿ ಕಂಬದ ಹತ್ತಿರ ಕ್ಷಮೆ ಕೇಳಿದ ಆ ಹೆಡ್‌ಮಿಸ್ಟ್ರೆಸ್ಸು ಹೇಗಿದ್ದಾರೆ? ಅವರಿಗೊಂದು ರೌಂಡು ಹೆಚ್ಚು ಕೊಡು, ಪೆಟ್ರೋಲೂ ಮುಗಿಯುತ್ತದೆ, ಕಂಬಗಳ ಪರಿಚಯವೂ ಆಗುತ್ತದೆ.

ಸಣ್ಣ ಬಾಟಲಿ ವಾಲ್ವುಗಳಿಗೆ. ನಮ್ಮ ಕಾರುಗಳು ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸ ವಾಲ್ವು ಬಂದು ಕೂರುವ ಜಾಗಕ್ಕೆ ಚಾಪೆಯ ಹಾಗಿತ್ತು. ಗಾಳಿ ಕೆಡುತ್ತದೆ ಎಂದು ಸೀಸ ತೆಗೆದುಹಾಕಿದರು, ಒಳ್ಳೆಯದೇ ಮಾಡಿದರು. ಆದರೆ ಹಳೇ ಇಂಜಿನ್ನಿನ ಚಾಪೆ ಹೋಯಿತು. ಈ ಬಾಟಲಿಯದು ಬದಲಿ ಚಾಪೆ. ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಮುಚ್ಚಳದ ಗೆರೆಯಷ್ಟು ಹಾಕಬೇಕು. ಬಾವ ಕೊನೆಯವರೆಗೂ ತಪ್ಪದೆ ಹಾಕುತ್ತಿದ್ದದ್ದು ಇದೊಂದನ್ನೇ. ಬಿಳಿ ಕಾರಿನ ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಹಳೆಯ ಖಾಲಿ ಬಾಟಲಿ ಈಗಲೂ ಇರಬೇಕು, ಹುಡುಕಿ ನೋಡು.

ಚಪ್ಪಟೆ ಬಾಟಲಿ ಆಯಿಲಿಗೆ. ಬೆಳಗಿನ ನೀಲಿ ಹೊಗೆ ಯಾಕೆ ಗೊತ್ತೇ? ರಾತ್ರಿಯೆಲ್ಲ ನಿಂತ ಕಾರಿನಲ್ಲಿ ವಾಲ್ವುಗಳ ರಬ್ಬರ್ ಸೀಲಿನ ಸಂದಿಯಿಂದ ಆಯಿಲ್ ತೊಟ್ಟಿಕ್ಕಿರುತ್ತದೆ, ಬೆಳಗ್ಗೆ ಅದು ಉರಿಯುತ್ತದೆ. ವಯಸ್ಸಾದ ರಬ್ಬರು ನನ್ನ ಹಿಮ್ಮಡಿಯ ಹಾಗೆ ಗಟ್ಟಿಯಾಗಿದೆ. ಈ ಔಷಧ ಅದನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಹೊಸ ಆಯಿಲ್ ಹಾಕಿಸುವಾಗ ಜೊತೆಗೆ ಹಾಕಿಸು, ಅಳತೆ ಕಡ್ಡಿಯ ಮೇಲಿನ ಗೆರೆ ದಾಟಬಾರದು. ಹೊಗೆ ಒಂದೇ ದಿನಕ್ಕೆ ನಿಂತುಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಕಡಿಮೆಯಾಗುತ್ತದೆ.

ನೋಡಿದೆಯಾ, ಸತ್ಯ ಹೇಳುತ್ತಿದ್ದೇನೆ! ಅಂಗಡಿಯವನು ಹೇಳದ ಇನ್ನೊಂದು ಸತ್ಯ ಕೇಳು. ಬಾಟಲಿ ಕೊಳೆ ಕರಗಿಸೀತು, ಸವೆತ ತಡೆದೀತು, ಆದರೆ ಸವೆದುಹೋದ ಲೋಹವನ್ನು ಮತ್ತೆ ಬೆಳೆಸಲಾರದು. ಹಲ್ಲುಪುಡಿಯಿಂದ ಹಲ್ಲು ಹೊಳೆಯುತ್ತದೆ. ಬಿದ್ದ ಹಲ್ಲು ಹುಟ್ಟಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಈ ಮೂರು ಬಾಟಲಿಗಳ ಚೀಟಿಯನ್ನೂ ನಮ್ಮ ಬೀದಿಯ ಔಷಧ ಅಂಗಡಿಯ ಹುಡುಗಿಯಿಂದ ಓದಿಸಿದ್ದೇನೆ. ಮೊದಲು ಅವಳು ಬಾಟಲಿ ನೋಡಿ ಹೌಹಾರಿ, ಅಜ್ಜಾ, ಇದನ್ನ ಎಷ್ಟು ಕುಡಿದ್ರಿ ಎಂದು ನನ್ನ ಕೈ ಹಿಡಿದುಕೊಂಡಳು. ಅಜ್ಜ ಅಂದದ್ದಕ್ಕೆ ನನಗೆ ಕೋಪ ಬಂತು, ಆದರೂ ಕೆಲಸ ಆಗಬೇಕಿತ್ತಲ್ಲ, ನುಂಗಿಕೊಂಡೆ. ಒಂದು ಅಕ್ಷರವನ್ನೂ ಬಿಡಬಾರದು ಎಂದು ಹೇಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಎನ್ನುವವರೆಗೂ ಓದಿಸಿದೆ.

ಈಗ ನಾಲ್ಕನೆಯದು. ಇದು ಪಾರ್ಸೆಲಿನಲ್ಲಿ ಇಲ್ಲ, ಇರುವುದೂ ಇಲ್ಲ. ಇಂಜಿನ್ ಫ್ಲಶ್ ಎಂದು ಅಂಗಡಿಯವನು ಕೊಡಲು ಬಂದ ಆ ಕರಿ ಬಾಟಲಿ. ಹಳೇ ಕೊಳೆಯನ್ನೆಲ್ಲ ತೊಳೆದು ಬಿಡುತ್ತೆ, ಮೊದಲು ಇದನ್ನೇ ಹಾಕಿ ಅಂದನಂತಲ್ಲ? ಮಗಳೇ, ಅದನ್ನು ಮುಟ್ಟಬೇಡ. ತಮಾಷೆಗೆ ಹೇಳುತ್ತಿಲ್ಲ. ಹೊಸ ಇಂಜಿನ್ನಿಗೆ ಅದು ಏನಾದರೂ ಮಾಡಿಕೊಳ್ಳಲಿ. ನಮ್ಮ ಕಾರುಗಳಿಗೆ ಬೇಡ. ಯಾಕೆ ಎಂದು ಒಂದು ನಿಜವಾದ ಕಥೆ ಹೇಳುತ್ತೇನೆ.

ನಮ್ಮ ಕಡೆ ಒಬ್ಬ ಮಹಾಶಯ ಇದ್ದಾನೆ. ಹೆಸರು ಬೇಡ, ನಿನಗೆ ಅವನ ಪರಿಚಯ ಅಷ್ಟಾಗಿಲ್ಲ. ಮನುಷ್ಯ ಒಳ್ಳೆಯವನು, ನೋಡಲೂ ಲಕ್ಷಣವಾಗಿದ್ದಾನೆ. ಅವನದೂ ನಮ್ಮ ಕಾರುಗಳ ವಯಸ್ಸಿನದೇ ಒಂದು ಕಾರು. ಇತ್ತೀಚೆಗೆ ಏನೋ ಕಾರಣಕ್ಕೆ ಅವನು ಆ ಕರಿ ಬಾಟಲಿಯನ್ನು ತಂದ. ಚೀಟಿ ಓದಲು ಬರಲಿಲ್ಲ. ಚಿತ್ರ ನೋಡಿದ. ಬಾಟಲಿಯ ಮೇಲೆ ಏನು ಚಿತ್ರ? ದೊಡ್ಡ ಬೆಟ್ಟ, ಬೆಟ್ಟದ ಮೇಲೆ ಹಾವಿನಂತೆ ಸುತ್ತುವ ರಸ್ತೆ, ರಸ್ತೆಯ ಮೇಲೆ ಹಾರಿ ಹೋಗುತ್ತಿರುವ ಕಾರು. ಇನ್ನೇನು ಬೇಕು, ಔಷಧ ಹಾಕಿ ಬೆಟ್ಟ ಹತ್ತಿಸಬೇಕು ಎಂದು ಅವನಿಗೆ ಅರ್ಥವಾಯಿತು. ಯಾರಿಗಾದರೂ ಹಾಗೆಯೇ ಅರ್ಥವಾಗುತ್ತಿತ್ತು. ಬಾಟಲಿಯನ್ನು ಇಂಜಿನ್ನಿಗೆ ಸುರಿದು, ಗುಡ್ಡದ ಟ್ಯಾಂಕಿನ ದಾರಿ ಹಿಡಿದ.

ಚೀಟಿಯಲ್ಲಿದ್ದ ಮಾತೇ ಬೇರೆ. ಇದನ್ನು ಹಾಕಿ, ಕಾರನ್ನು ನಿಂತಲ್ಲೇ ಸ್ವಲ್ಪ ಹೊತ್ತು ಚಾಲೂ ಇಟ್ಟು, ಹಳೇ ಆಯಿಲನ್ನೆಲ್ಲ ಬಸಿದು ತೆಗೆಯಿರಿ, ಯಾವ ಕಾರಣಕ್ಕೂ ಓಡಿಸಬೇಡಿ ಎಂದಿತ್ತಂತೆ. ಇದೂ ಆಮೇಲೆ ತಿಳಿದದ್ದು, ಆ ಔಷಧ ಅಂಗಡಿಯ ಹುಡುಗಿಯಿಂದಲೇ. ಅಂದರೆ, ಅವನಿಗೆ ತಿಳಿದದ್ದು.

ಹಳೇ ಇಂಜಿನ್ನಿನೊಳಗೆ ಡಾಂಬರಿನಂಥ ಕಿಟ್ಟ ಗೋಡೆ ಹಿಡಿದು ಕೂತಿರುತ್ತದೆ. ಕೂತಲ್ಲಿ ಕೂತಿದ್ದರೆ ಅದರ ಪಾಡಿಗೆ ಅದು, ಕೆಲವು ಕಡೆ ಸೋರುವ ಸಂದಿಯನ್ನೂ ಮುಚ್ಚಿಕೊಂಡು ಉಪಕಾರವನ್ನೇ ಮಾಡುತ್ತಿರುತ್ತದೆ. ಅದನ್ನು ಒಂದೇ ಏಟಿಗೆ ಎಬ್ಬಿಸಿದರೆ ಹೆಂಟೆ ಹೆಂಟೆಯಾಗಿ ಕಿತ್ತು ಬಂದು ಅಡಿಯ ಆಯಿಲ್ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಿಂದ ಆಯಿಲ್ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇದೆ. ಕಿಟ್ಟವೆಲ್ಲ ಆ ಜಾಲರಿಗೆ ಕಚ್ಚಿಕೊಂಡಿತು. ಮೇಲೆ ಆಯಿಲ್ ಹತ್ತಲಿಲ್ಲ. ಗುಡ್ಡದ ಏರಿನಲ್ಲಿ ಇಂಜಿನ್ನು ಒಣ ಗಂಟಲಲ್ಲಿ ಓಡಿತು.

ಆಯಿಲ್ ಒತ್ತಡ ಬಿದ್ದರೆ ಕೆಂಪು ದೀಪ ಹತ್ತುತ್ತದೆಯಲ್ಲ ಎಂದು ನೀನು ಕೇಳುತ್ತೀ, ಡ್ರೈವಿಂಗ್ ಟೀಚರಮ್ಮ. ಹತ್ತಿತ್ತು. ಆದರೆ ಆ ದೀಪದ ಸ್ವಿಚ್ಚು ಹಾಳಾಗಿ, ಆಯಿಲ್ ಸರಿಯಿದ್ದಾಗಲೂ ಅದು ಮಿಣಕ್ ಮಿಣಕ್ ಎನ್ನುತ್ತಿತ್ತು. ಕಣ್ಣಿಗೆ ಕಿರಿಕಿರಿ ಎಂದು ಈ ಜಾಣ ಅದರ ಮೇಲೆ ಯಾವಾಗಲೋ ಒಂದು ಹಣ್ಣಿನ ಮೇಲಿನ ಚೀಟಿ ಕಿತ್ತು ಅಂಟಿಸಿದ್ದ. ಚೀಟಿಯ ಹಿಂದೆ ದೀಪ ಬಾಯಿ ಬಡಿದುಕೊಳ್ಳುತ್ತಿತ್ತು, ಇವನು ಸೀಟಿ ಹೊಡೆದುಕೊಂಡು ಗೇರು ಬದಲಾಯಿಸುತ್ತಿದ್ದ. ಮೊದಲು ಟಕ್ ಟಕ್ ಎಂದಿತು. ಆಹಾ, ಔಷಧ ಕೆಲಸ ಮಾಡುತ್ತಿದೆ ಎಂದುಕೊಂಡ. ಆಮೇಲೆ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ. ಟ್ಯಾಂಕು ಕಣ್ಣಿಗೆ ಕಾಣುತ್ತಿದ್ದ ಹಾಗೆಯೇ ಸ್ಟೀರಿಂಗು ಕೈಯಲ್ಲಿ ಭಾರವಾಯಿತು, ಎಲ್ಲ ಸದ್ದೂ ಒಟ್ಟಿಗೆ ನಿಂತಿತು. ಹಿಂದೆ ಕುರಿಗಳು ದಾಟಿದ್ದ ಜಾಗದಲ್ಲಿ ಸರಿಯಾಗಿ. ಇಂಜಿನ್ ಇನ್ನು ತಿರುಗದ ಹಾಗೆ ಕಚ್ಚಿಕೊಂಡಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆ ಮನುಷ್ಯ ಕಾರಿನಿಂದ ಇಳಿಯದೆ ಬಹಳ ಹೊತ್ತು ಕೂತಿದ್ದನಂತೆ. ಪಕ್ಕದ ಸೀಟಿನಲ್ಲಿ ಯಾರಾದರೂ ಕನ್ನಡಕ ಹಾಕಿಕೊಂಡು ಕೂತಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಅನ್ನಿಸಿತಂತೆ.

ಬಿಡು, ಅವನ ಪಾಡು ಅವನಿಗೆ. ಮಾಡಿದ್ದುಣ್ಣೋ ಮಹಾರಾಯ. ನಿನಗೆ ಹೇಳುವುದು ಇಷ್ಟೇ: ಕರಿ ಬಾಟಲಿ ಬೇಡ, ದೀಪಗಳ ಮೇಲೆ ಏನನ್ನೂ ಅಂಟಿಸಬೇಡ.

ಈಗ ಆ ಭಾರದ ಗಂಟು. ಅದು ಕಾರ್ಬೊರೇಟರು. ನೀನು ಬರೆದದ್ದನ್ನು ಓದಿದ ಕೂಡಲೇ ನನಗೆ ಗೊತ್ತಾಯಿತು. ಕಪ್ಪು ಹೊಗೆ ಎಂದರೆ ಇಂಜಿನ್ನಿಗೆ ಗಾಳಿಗಿಂತ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಎರಡನ್ನೂ ಬೆರೆಸಿ ಬಡಿಸುವ ಅಡುಗೆಯವನು ಈ ಕಾರ್ಬೊರೇಟರು, ನಿನ್ನದರ ಕೈ ಅಳತೆ ತಪ್ಪಿದೆ. ಒಳಗಿನ ಭಾಗ ಸವೆದಿದ್ದರೆ ಅದಕ್ಕೆ ಬಾಟಲಿ ಮದ್ದಿಲ್ಲ, ಬದಲಾಯಿಸಲೇಬೇಕು. ಈ ಮಾದರಿಯದು ಈಗ ತಯಾರಾಗುವುದಿಲ್ಲ, ಎಲ್ಲೂ ಸಿಗುವುದಿಲ್ಲ ಎಂದು ನಿನ್ನ ಮೆಕ್ಯಾನಿಕ್ಕು ಕೈಚೆಲ್ಲಿದನಂತೆ. ಅವನಿಗೆ ಸಿಗುವುದಿಲ್ಲ, ನನಗೆ ಸಿಗುತ್ತದೆ. ಗುಜರಿ ಅಂಗಡಿಗೆ ಹೋದೆ, ಕಣ್ಣಿಗೆ ಬಿತ್ತು, ಎತ್ತಿಕೊಂಡು ಬಂದೆ. ಪೂರ್ತಿ ಬಿಚ್ಚಿ, ಸಣ್ಣ ತೂತುಗಳನ್ನೆಲ್ಲ ತೊಳೆದು, ಗಾಳಿ ಊದಿ, ಹೊಸ ವಾಷರು ಕೂರಿಸಿದ್ದೇನೆ. ಶೆಡ್ಡಿನಲ್ಲಿ ಬೆಚ್ಚಗೆ ಇಟ್ಟಿದ್ದ ವಸ್ತುವಿನಷ್ಟು ಚೆನ್ನಾಗಿದೆ. ಪಕ್ಕದಲ್ಲಿ ಹಸಿರು ಬಣ್ಣದ ಒಂದು ತೊಟ್ಟು ಒಣಗಿ ಅಂಟಿದೆ, ಅದನ್ನು ನೋಡಿ ಏನೇನೋ ಯೋಚನೆ ಮಾಡಬೇಡ. ಲೋಕದಲ್ಲಿ ಹಸಿರು ಬಣ್ಣಕ್ಕೆ ಬರವೇ?

ಮೆಕ್ಯಾನಿಕ್ಕಿಗೆ ಇದನ್ನು ಕೂರಿಸಲು ಹೇಳು. ಕೂರಿಸಿದ ಮೇಲೆಯೇ ಕೆಂಪು ಮುಚ್ಚಳದ ಬಾಟಲಿ. ಶನಿವಾರ ತಪಾಸಣೆಗೆ ಹೋಗುವಾಗ ಇಂಜಿನ್ನು ಚೆನ್ನಾಗಿ ಬಿಸಿಯಾಗಿರಬೇಕು. ಮನೆಯಿಂದ ಸೀದಾ ಹೋಗಿ ನಿಲ್ಲಬೇಡ, ಊರು ಒಂದು ಸುತ್ತು ಹಾಕಿಕೊಂಡು ಹೋಗು. ಸಾಲಿನಲ್ಲಿ ಬಹಳ ಹೊತ್ತು ಕಾಯಿಸಿದರೆ ಇಂಜಿನ್ ಆರಿಸಬೇಡ. ಹೊಗೆ ಅಳೆಯುವವನು ಕೊಳವೆ ತೂರಿಸುವಾಗ ಅವನ ಮುಖ ನೋಡಬೇಡ, ನಿನಗೆ ಕಾಲು ಒತ್ತುವ ಚಾಳಿ ಇದೆ, ಆಕ್ಸಿಲರೇಟರ್ ಒತ್ತಿಬಿಡುತ್ತೀ. ಸುಮ್ಮನೆ ಕಿಟಕಿಯ ಆಚೆ ನೋಡು.

ಇದು ಆಗುತ್ತದೆ ಮಗಳೇ. ಬಾವ ಆ ಕಾರಿನ ಆಯಿಲನ್ನು ಒಂದು ಸಲವೂ ತಡ ಮಾಡಿದವನಲ್ಲ, ಒಳಗೆ ಕಿಟ್ಟ ಅಷ್ಟಾಗಿ ಇರಲಾರದು. ನಿನ್ನ ಕೈ ಬಾವನ ಕೈಯೇ. ಆ ಹೆಡ್‌ಮಿಸ್ಟ್ರೆಸ್ಸಿಗೆ, ಅಂಗಡಿ ಮುಚ್ಚಿ ಓಡಿ ಬರುವ ಆ ಟೈಲರಮ್ಮನಿಗೆ, ಗಂಡನಿಗೆ ಹೇಳದೆ ಕಲಿಯುತ್ತಿರುವ ಆ ಇನ್ನೊಬ್ಬಳಿಗೆ ಬೈಯದೆ ಕಲಿಸುವವರು ಬೇರೆ ಯಾರು ಸಿಗುತ್ತಾರೆ? ಬಿಲ್ ಕೌಂಟರಿನಲ್ಲಿ ಕೂತು ಯಾರ ಬ್ರೇಕು ಒತ್ತುತ್ತೀ? ಗುಜರಿಯ ಮಾತು ಇನ್ನೊಮ್ಮೆ ಎತ್ತಿದರೆ ನಾನೇ ಬಂದು ಕಿವಿ ಹಿಂಡುತ್ತೇನೆ.

ಹಾಗೆಂದು ಶನಿವಾರ ನಾನು ಬರುತ್ತೇನೆ ಎಂದುಕೊಳ್ಳಬೇಡ. ಬರಬಹುದಿತ್ತು, ಹಸಿರು ಕಾರು ಬಾಗಿಲಲ್ಲೇ ಕುದುರೆಯ ಹಾಗೆ ಕೆನೆಯುತ್ತಿದೆ. ಆದರೆ ಮಂಡಿಗೆ ವ್ಯಾಯಾಮ ಬೇಕು ಎಂದು ಡಾಕ್ಟರು ಹೇಳಿದ್ದರಿಂದ ಈಗೀಗ ಸೈಕಲ್ಲು ತುಳಿಯುತ್ತಿದ್ದೇನೆ. ಪಂಪ್‌ಹೌಸಿಗೆ ಹೋಗಿ ಬರುವುದು ಅದರಲ್ಲೇ. ನನ್ನ ಮೀನಖಂಡ ಈಗ ಇಪ್ಪತ್ತರ ಹುಡುಗನದರ ಹಾಗಿದೆ ಎಂದು ಬೀದಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದಾರೆ. ನಾನೇ ಕಿವಿಯಾರೆ ಕೇಳಿದೆ.

ಅಕ್ಕನಿಗೆ ನನ್ನ ನಮಸ್ಕಾರ. ಪಂದ್ಯ ಗೆದ್ದದ್ದು ನಾನೇ ಎಂದು ಇನ್ನೊಮ್ಮೆ ಹೇಳು.

ಇಂತಿ, ಬಾಟಲಿ ಪಂಡಿತ, ಪಂಪ್‌ಹೌಸಿನ ಪಾಲಿನ ಪ್ರಾಣ,
ನಿನ್ನ ಮಾವ

ಮರೆತ ಮಾತು: ತಪಾಸಣೆ ಪಾಸಾದ ಮಾರನೇ ದಿನ ಬಿಳಿ ಕಾರು ತೆಗೆದುಕೊಂಡು ಇಲ್ಲಿಗೆ ಬಾ. ನೀನು ತಿರುವಿನಲ್ಲಿ ಇರುವಾಗಲೇ ಇಂಜಿನ್ ಸದ್ದು ಕೇಳಿ ಎಲ್ಲಿ ಏನು ತಪ್ಪಿದೆ ಎಂದು ಹೇಳುತ್ತೇನೆ. ಆದರೆ ಶೆಡ್ಡಿನ ಕಡೆ ಹೋಗಬೇಡ. ಹಾವು ಬಂದಿದೆ ಎನ್ನುತ್ತಾರೆ.

ಮಗೂ, ಇಲ್ಲಿಂದ ಮುಂದೆ ಅತ್ತೆ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚು ಎಂದು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದಾರೆ. ಹಾವೂ ಇಲ್ಲ ಗೀವೂ ಇಲ್ಲ. ಶೆಡ್ಡಿನಲ್ಲಿ ಹಸಿರು ಕಾರು ಬಾನೆಟ್ ಬಿಚ್ಚಿಕೊಂಡು ಮಲಗಿದೆ. ಡಾಕ್ಟರನ್ನು ಇವರು ನೋಡಿಯೇ ಇಲ್ಲ.

ಆ ಮಹಾಶಯ ಯಾರು ಎಂದು ನಿನಗೆ ಅರ್ಥವಾಗಿರಬೇಕು. ಆ ಕರಿ ಬಾಟಲಿ ತಂದ ಕಾರಣವನ್ನು ಮಾತ್ರ ಇವರು ಬರೆದಿಲ್ಲ, ಬರೆಯುವುದೂ ಇಲ್ಲ. ನಿನ್ನ ಕಾಗದ ಬಂದ ಮಾರನೇ ದಿನ ತಂದದ್ದು. ಇದನ್ನ ಹಾಕ್ಲಾ ಅಂತ ಮಗು ಕೇಳಿದೆ ಕಣೇ, ಅದು ಹಾಕೋ ಮೊದ್ಲು ನಾನು ಹಾಕಿ ನೋಡ್ತೀನಿ, ಎರಡೂ ಒಂದೇ ಹೊಟ್ಟೇಲಿ ಹುಟ್ಟಿದವಲ್ವಾ ಅಂದರು. ದೀಪದ ಮೇಲೆ ಆ ಸೇಬಿನ ಚೀಟಿ ಅಂಟಿಸಿಕೊಂಡು ಗುಡ್ಡ ಹತ್ತಿದರು. ನೀರಿನ ಟ್ಯಾಂಕರಿಗೆ ಹಗ್ಗ ಕಟ್ಟಿ ಎಳೆದು ತಂದರು. ಇವರು ಒಳಗೆ ಕೂತು ಸ್ಟೀರಿಂಗ್ ಹಿಡಿದುಕೊಂಡು, ಬೀದಿಯವರಿಗೆಲ್ಲ ಕೈ ಬೀಸುತ್ತಾ ಬಂದರು. ಊಟಕ್ಕೆ ಕೂತರೂ ಜಂಬ ಕೊಚ್ಚಲಿಲ್ಲ. ಇವರನ್ನು ಕಟ್ಟಿಕೊಂಡಾಗಿನಿಂದ ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ ಮಗೂ.

ಆಮೇಲೆ ಒಂದು ಬೆಳಗ್ಗೆ ಎದ್ದು, ಅಲ್ವೇ, ಹಸಿರು ಕಾರಿನ ಕಾರ್ಬೊರೇಟರು ಇನ್ನೂ ಗಟ್ಟಿಯಾಗಿದೆಯಲ್ಲೇ ಅಂದರು. ಹೊಸ ಇಂಜಿನ್ ಸಿಕ್ಕರೆ ಬೇಕಾಗಲ್ವಾ ಅಂದೆ. ಸಿಕ್ಕಾಗ ನೋಡೋಣ, ಶನಿವಾರ ತಪಾಸಣೆ ಇರೋದು ಮಗೂಗೆ ಅಂದರು. ನನ್ನ ಹಿಟ್ಟು ಕಲಸೋ ಪಾತ್ರೆಯಲ್ಲಿ ಅದನ್ನು ನೆನೆ ಹಾಕಿ, ನನ್ನ ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಉಜ್ಜಿದ್ದಾರೆ. ಹಳೇದು ಅಂತ ಅವರು ಹೇಳಿದ್ದು. ಪಾತ್ರೆಯಿಂದ ಪೆಟ್ರೋಲ್ ವಾಸನೆ ಇನ್ನೂ ಹೋಗಿಲ್ಲ. ಜಂಬ ಅವತ್ತೇ ವಾಪಸ್ ಬಂತು, ಅಷ್ಟಕ್ಕೆ ನಾನು ಪಾ‍ತ್ರೆಯ ಮಾತು ಎತ್ತಲಿಲ್ಲ.

ನಿನಗೆ ಗೊತ್ತಾದ ಹಾಗೆ ತೋರಿಸಿಕೊಳ್ಳಬೇಡ. ಭಾನುವಾರ ಬಾ. ಮನೆ ಬಾಗಿಲಲ್ಲೇ ನಿಲ್ಲಿಸಿ ಇಂಜಿನ್ ಸ್ವಲ್ಪ ಹೊತ್ತು ಹಾಗೇ ಓಡಲಿ ಬಿಡು, ಇವರು ಕೇಳಿಸಿಕೊಳ್ಳಲಿ. ಆಮೇಲೆ ನನಗೂ ಒಂದು ಪಾಠ ಹೇಳಿಕೊಡು. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಸಾಕಾಯಿತು. ಇವರು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು, ಇದು ನನ್ನ ಷರತ್ತು. ಸ್ನಾನದ ಮನೆಯ ಬಾಗಿಲು ಸದ್ದಾಯಿತು, ಮುಗಿಸುತ್ತೇನೆ.

ಅತ್ತೆ

ಕಟ್ಟಕಡೆಯ ಮಾತು: ಅಂಟು ಒಣಗುವ ಮೊದಲೇ ಲಕೋಟೆ ಬಿಚ್ಚಿ ಎಲ್ಲವನ್ನೂ ಓದಿದ್ದೇನೆ. ನಿಮ್ಮತ್ತೆ ಬರೆದದ್ದರಲ್ಲಿ ಒಂದು ಮಾತನ್ನೂ ನಂಬಬೇಡ, ಶುದ್ಧ ಸುಳ್ಳು. ದೀಪದ ಮೇಲಿದ್ದದ್ದು ಸೇಬಿನ ಚೀಟಿಯೇ ಅಲ್ಲ. ಕಿತ್ತಳೆ ಹಣ್ಣಿನದು. ಅಂಟಿಸಿದವನು ನಾನು, ನನಗೆ ಗೊತ್ತಿಲ್ಲವೇ?